ಏಮ್ ಇಲ್ಲದವನಿಗೂ ಕೆಲಸ ಇದೆಯಾ? ಟೀಮ್ ಶೂಟರ್ ಆಟವನ್ನು ನಾನು ಪರೀಕ್ಷೆ ಮಾಡುವ ರೀತಿ

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಗೇಮಿಂಗ್ ಸೆಂಟರ್ ಇದೆ. ಹತ್ತೇ ಕಂಪ್ಯೂಟರ್. ಐದು ಜನ ಈ ಗೋಡೆಗೆ, ಐದು ಜನ ಆ ಗೋಡೆಗೆ ಮುಖ ಮಾಡಿ ಕೂತರೆ ಒಂದು ಪೂರ್ತಿ ಮ್ಯಾಚ್ ಅಂಗಡಿಯೊಳಗೇ ನಡೆಯುತ್ತದೆ. 2005ರಲ್ಲಿ ಇದನ್ನು ಸೈಬರ್ ಕೆಫೆ ಅಂತ ಶುರು ಮಾಡಿದೆ. ಬೆಳಗ್ಗೆ ರಿಸಲ್ಟ್ ನೋಡುವವರು, ಅರ್ಜಿ ತುಂಬುವವರು ಬರುತ್ತಿದ್ದರು. ಸಂಜೆ ಕಾಲೇಜು ಹುಡುಗರು ಬಂದು ಲ್ಯಾನ್‌ನಲ್ಲಿ (ಅಂಗಡಿಯೊಳಗಿನ ನೆಟ್‌ವರ್ಕ್) ಕೌಂಟರ್-ಸ್ಟ್ರೈಕ್ 1.6 ಆಡುತ್ತಿದ್ದರು.

ಅವತ್ತಿಂದ ಇವತ್ತಿನವರೆಗೆ ಹುಡುಗರ ಬೇಡಿಕೆ ಒಂದೇ: "ಅಣ್ಣ, ಈ ಹೊಸ ಆಟ ಹಾಕಿ." ಹಾಕುವ ಮೊದಲು ನಾನು ಯೋಚನೆ ಮಾಡಬೇಕಾಗುತ್ತದೆ. ಕೌಂಟರ್-ಸ್ಟ್ರೈಕ್ 2 ಆಟಕ್ಕೆ 85 ಜಿಬಿ ಜಾಗ ಬೇಕು ಅಂತ ಆಟ ಮಾರುವ ತಾಣ ಸ್ಟೀಮ್‌ನಲ್ಲೇ ಬರೆದಿದ್ದಾರೆ. ಅದನ್ನು ಹತ್ತು ಮಷಿನ್‌ಗೆ ಲೆಕ್ಕ ಹಾಕಿ. ಹುಡುಗರು ಕೊಡುವುದು ಇದಕ್ಕಿಂತ ಜಾಸ್ತಿ. ಐದು ಜನ ಒಟ್ಟಿಗೆ ಒಂದು ಆಟ ಕಲಿಯಲು ತಿಂಗಳುಗಟ್ಟಲೆ ಸಂಜೆಗಳು ಬೇಕು. ಆಟ ಸರಿಯಿಲ್ಲದಿದ್ದರೆ ಆ ಸಂಜೆಗಳು ವಾಪಸ್ ಬರಲ್ಲ. ಅದಕ್ಕೇ ಯಾವುದೇ ಟೀಮ್ ಶೂಟರ್, ಅಂದರೆ ಗುಂಪು ಕಟ್ಟಿ ಗುಂಡು ಹೊಡೆಯುವ ಆಟ, ಬಂದರೂ ಹದಿನೈದು ದಿನ ಪರೀಕ್ಷೆ ಮಾಡುತ್ತೇನೆ. ಒಂದು ಇನ್ನೂರು ಪುಟದ ನೋಟ್‌ಬುಕ್, ಒಂದು ಪೆನ್ನು. ಅಷ್ಟೇ ಸಾಮಾನು. ನೀವು ಮನೆಯಲ್ಲೂ ಇದನ್ನೇ ಮಾಡಬಹುದು.

ಉದಾಹರಣೆಗೆ ಹೆಚ್ಚಾಗಿ ವ್ಯಾಲರೆಂಟ್ ತೆಗೆದುಕೊಳ್ಳುತ್ತೇನೆ. 2020ರ ಜೂನ್ 2ರಂದು ಬಿಡುಗಡೆಯಾದ ಆಟ, ರಯಟ್ ಗೇಮ್ಸ್‌ನವರದ್ದು. ಐದು ಜನರ ಎದುರು ಐದು ಜನ. ನಮ್ಮಲ್ಲಿ ಈಗಲೂ ಅದೇ ಜಾಸ್ತಿ ಓಡುವುದು.

ಮೊದಲು ಇಂಟರ್ನೆಟ್ ಲೈನ್ ನೋಡಿ, ಅದೂ ರಾತ್ರಿ ಎಂಟಕ್ಕೆ

ಆಟ ಎಷ್ಟೇ ಚೆನ್ನಾಗಿರಲಿ, ಸರ್ವರ್ (ಆಟ ನಡೆಸುವ ಕಂಪನಿಯ ಕಂಪ್ಯೂಟರ್) ದೂರ ಇದ್ದರೆ ಉಪಯೋಗ ಇಲ್ಲ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಸಾವಿರ ಕಿಲೋಮೀಟರ್ ದೂರದ ಸರ್ವರ್‌ಗೆ ಹೋಗಿ ಬರಲು 10 ಮಿಲಿಸೆಕೆಂಡ್ ಬೇಕೇ ಬೇಕು. ಅದಕ್ಕಿಂತ ಕಡಿಮೆ ಮಾಡಲು ಯಾರ ಕೈಲೂ ಆಗಲ್ಲ. ಅದರ ಮೇಲೆ ದಾರಿಯಲ್ಲಿ ಸಿಗುವ ಸ್ವಿಚ್, ರೂಟರ್‌ಗಳ ಸಮಯ ಸೇರುತ್ತದೆ. ವ್ಯಾಲರೆಂಟ್‌ಗೆ ಮುಂಬೈನಲ್ಲಿ ಸರ್ವರ್ ಇದೆ. ಕೌಂಟರ್-ಸ್ಟ್ರೈಕ್ 2ಕ್ಕೆ ಮುಂಬೈ, ಚೆನ್ನೈ ಎರಡೂ ಕಡೆ ಇದೆ. ನನ್ನ ಅಂಗಡಿಯಿಂದ ಮುಂಬೈಗೆ ಪಿಂಗ್, ಅಂದರೆ ಹೋಗಿ ಬರುವ ಸಮಯ, 30ರಿಂದ 38 ಮಿಲಿಸೆಕೆಂಡ್ ಒಳಗೆ ಇರುತ್ತದೆ. ಇದು ಆರಾಮ. ಭಾರತದಲ್ಲಿ ಸರ್ವರ್ ಇಲ್ಲದ ಆಟ ಸಿಂಗಪುರಕ್ಕೆ ಹೋದರೆ ಈ ಅಂಕಿ ಬಹಳ ಏರುತ್ತದೆ.

ಪಿಂಗ್ ಒಂದನ್ನೇ ನೋಡಿ ಸುಮ್ನಾಗಬೇಡಿ. ಪ್ಯಾಕೆಟ್ ಲಾಸ್, ಅಂದರೆ ಮಾಹಿತಿಯ ತುಣುಕು ದಾರಿಯಲ್ಲೇ ಕಳೆದುಹೋಗುವುದು, ಅದಕ್ಕಿಂತ ಕೆಟ್ಟದ್ದು. ಒಂದು ಕಂಪನಿಯ ಲೈನ್ ನನ್ನ ಹತ್ತಿರ ಇತ್ತು. ಬೆಳಗ್ಗೆ ಹನ್ನೊಂದಕ್ಕೆ ಪರೀಕ್ಷೆ ಮಾಡಿದರೆ ಗಾಜಿನ ಹಾಗೆ ಸ್ವಚ್ಛ. ರಾತ್ರಿ ಎಂಟಾದರೆ ಓಡುತ್ತಿದ್ದ ಎದುರಾಳಿ ಇದ್ದಕ್ಕಿದ್ದ ಹಾಗೆ ಎರಡು ಹೆಜ್ಜೆ ಮುಂದೆ ಕಾಣಿಸುತ್ತಿದ್ದ. ಹುಡುಗರು ಎರಡು ವಾರ ಆಟವನ್ನೇ ಬೈದರು. ತಪ್ಪು ಲೈನ್‌ನದ್ದಾಗಿತ್ತು. ಅವತ್ತಿಂದ ನಾನು ರಾತ್ರಿ ಎಂಟರಿಂದ ಹತ್ತರ ನಡುವೆ, ವೈ-ಫೈ ಬಿಟ್ಟು ಕೇಬಲ್ ಹಾಕಿ, ಮೂರು ದಿನ ಪರೀಕ್ಷೆ ಮಾಡುತ್ತೇನೆ. ವ್ಯಾಲರೆಂಟ್‌ನಲ್ಲೂ ಕೌಂಟರ್-ಸ್ಟ್ರೈಕ್ 2ರಲ್ಲೂ ಪಿಂಗ್, ಪ್ಯಾಕೆಟ್ ಲಾಸ್ ಎರಡನ್ನೂ ಪರದೆಯ ಮೇಲೆ ತೋರಿಸುವ ಸೆಟ್ಟಿಂಗ್ ಇದೆ. ಅದನ್ನು ಹಾಕಿಕೊಂಡೇ ಆಡಿ. ಇಂಥ ಸೆಟ್ಟಿಂಗ್ ಇಲ್ಲದ ಆಟವಾದರೆ ನನ್ನ ನೋಟ್‌ಬುಕ್‌ನಲ್ಲಿ ಅದಕ್ಕೆ ಅಲ್ಲೇ ಒಂದು ಮೈನಸ್.

ಇಪ್ಪತ್ತು ಸಾವಿನ ಲೆಕ್ಕ

ಎರಡನೇ ಕೆಲಸ ಒಬ್ಬರೇ ಮಾಡುವಂಥದ್ದು. ಪ್ರ್ಯಾಕ್ಟಿಸ್ ರೇಂಜ್‌ಗೆ ಹೋಗಿ ಒಂದು ಗನ್ ತೆಗೆದುಕೊಳ್ಳಿ. ಗೋಡೆಗೆ ಗುರಿ ಇಟ್ಟು ಪೂರ್ತಿ ಮ್ಯಾಗಝಿನ್ ಖಾಲಿ ಮಾಡಿ. ಗುಂಡಿನ ಗುರುತು ಹೇಗೆ ಮೇಲಕ್ಕೆ ಹೋಗುತ್ತದೆ, ಎಲ್ಲಿಂದ ಎಡಕ್ಕೂ ಬಲಕ್ಕೂ ಹರಡುತ್ತದೆ ನೋಡಿ. ಹತ್ತು ಸಲ ಮಾಡಿ. ಪ್ರತಿ ಸಲವೂ ಸುಮಾರಾಗಿ ಒಂದೇ ಥರ ಬಂದರೆ ಅದು ಅಭ್ಯಾಸದಿಂದ ಕೈಗೆ ಕೂರುವ ಗನ್. ಆಮೇಲೆ ನಿಂತು ಹೊಡೆಯಿರಿ, ಓಡುತ್ತಾ ಹೊಡೆಯಿರಿ. ವ್ಯಾಲರೆಂಟ್, ಕೌಂಟರ್-ಸ್ಟ್ರೈಕ್ ಎರಡರಲ್ಲೂ ಓಡುತ್ತಾ ಹೊಡೆದರೆ ಗುಂಡು ಎಲ್ಲೆಲ್ಲೋ ಹೋಗುತ್ತದೆ. ನಿಂತು ಹೊಡೆದವನಿಗೆ ಬೆಲೆ ಸಿಗುತ್ತದೆ.

ಇನ್ನು ನಿಜವಾದ ಮ್ಯಾಚ್. ಪ್ರತಿ ಸಲ ಸತ್ತಾಗ ನೋಟ್‌ಬುಕ್‌ನಲ್ಲಿ ಒಂದು ಗೀಟು ಹಾಕಿ. ಮೂರು ಕಾಲಮ್ ಇರಲಿ: ನನ್ನ ತಪ್ಪು, ಎದುರಿನವನ ಜಾಣತನ, ಆಟದ ತಪ್ಪು. ಇಪ್ಪತ್ತು ಸಾವು ಆಗುವವರೆಗೆ ಬರೆಯಿರಿ. ಸಿಟ್ಟಿನಲ್ಲಿ ಬರೆಯಬೇಡಿ. ರೌಂಡ್ ಮುಗಿಯುವವರೆಗೆ ಕಾಯುವ ಸಮಯ ಹೇಗೂ ಇರುತ್ತದೆ, ಅಲ್ವಾ? ಆಗ ಬರೆಯಿರಿ.

ಮೊದಲ ದಿನ ಮೂರನೇ ಕಾಲಮ್ ಜಾಸ್ತಿ ತುಂಬುತ್ತದೆ. ಗಾಬರಿ ಬೇಡ. ನಮ್ಮಲ್ಲಿ ಒಬ್ಬ ಡಿಪ್ಲೊಮಾ ಹುಡುಗ ಫ್ಯಾಂಟಮ್ ಗನ್ ಹಿಡಿದು, "ತಲೆಗೇ ಹೊಡೆದೆ ಅಣ್ಣ, ಸಾಯಲಿಲ್ಲ" ಅಂತ ಮೂರು ಗೀಟು ಹಾಕಿದ್ದ. ವಿಷಯ ಏನೆಂದರೆ, ಫ್ಯಾಂಟಮ್ ದೂರ ಹೋದಂತೆ ಬಲ ಕಳೆದುಕೊಳ್ಳುತ್ತದೆ. ಹತ್ತಿರದಿಂದ ತಲೆಗೆ ಬಿದ್ದರೆ 156 ಪಾಯಿಂಟ್ ಏಟು. ಸ್ವಲ್ಪ ದೂರದಿಂದ 140. ಪೂರ್ತಿ ಶೀಲ್ಡ್ ಹಾಕಿದವನ ಜೀವ 150. ಹಾಗಾಗಿ ಅವನು ಹತ್ತು ಪಾಯಿಂಟ್‌ನಲ್ಲಿ ಉಳಿದುಕೊಳ್ಳುತ್ತಾನೆ. ವ್ಯಾಂಡಲ್ ಅನ್ನುವ ಇನ್ನೊಂದು ಗನ್ ಎಷ್ಟು ದೂರದಿಂದಲಾದರೂ ತಲೆಗೆ 160. ಎರಡರ ಬೆಲೆಯೂ 2900 ಕ್ರೆಡಿಟ್ (ಆಟದೊಳಗಿನ ಹಣ). ಇದನ್ನು ಹೇಳಿದ ಮೇಲೆ ಆ ಮೂರು ಗೀಟನ್ನು ಅವನೇ ಹೊಡೆದುಹಾಕಿ ಮೊದಲ ಕಾಲಮ್‌ಗೆ ಬರೆದ.

ನೋಡಬೇಕಾದ್ದು ಇದನ್ನೇ. ನಿಯಮ ಗೊತ್ತಾದ ಹಾಗೆ ಮೂರನೇ ಕಾಲಮ್ ಖಾಲಿ ಆಗಬೇಕು. ಎರಡನೇ ವಾರ ಇನ್ನೊಂದು ಇಪ್ಪತ್ತು ಬರೆದಾಗಲೂ ಅಲ್ಲಿ ಐದಾರು ಗೀಟು ಉಳಿದಿದ್ದರೆ ನಾನು ಆ ಆಟವನ್ನು ಹಾಕಲ್ಲ. ಒಂದೆರಡು ಉಳಿದೇ ಉಳಿಯುತ್ತವೆ. ಮೂಲೆಯಿಂದ ಹೊರಗೆ ಬರುವವನಿಗೆ ಎದುರಾಳಿ ಸ್ವಲ್ಪ ಮೊದಲು ಕಾಣುತ್ತಾನೆ. ಕಾದು ನಿಂತವನ ಪರದೆಗೆ ಅವನು ತಡವಾಗಿ ಬರುತ್ತಾನೆ. ಇಂಟರ್ನೆಟ್ ಮೇಲೆ ಆಡುವ ಎಲ್ಲ ಶೂಟರ್‌ನಲ್ಲೂ ಇದು ಇದೆ. ಸರ್ವರ್ ಸೆಕೆಂಡಿಗೆ ಜಾಸ್ತಿ ಸಲ ಲೆಕ್ಕ ಮಾಡಿದರೆ ಇದು ಸ್ವಲ್ಪ ಕಡಿಮೆ ಆಗುತ್ತದೆ. ವ್ಯಾಲರೆಂಟ್ ಸರ್ವರ್ 128 ಸಲ ಮಾಡುತ್ತದೆ, ಅಂದರೆ ಸುಮಾರು 7.8 ಮಿಲಿಸೆಕೆಂಡಿಗೊಮ್ಮೆ.

ಹೆಜ್ಜೆ ಸದ್ದನ್ನೂ ಪರೀಕ್ಷೆ ಮಾಡಿ. ನಿಮ್ಮವರಷ್ಟೇ ಆಡುವ ಕಸ್ಟಮ್ ಗೇಮ್ ತೆರೆದು ಗೆಳೆಯನನ್ನು ಗೋಡೆಯ ಆಚೆ ಓಡಾಡಲು ಹೇಳಿ. ನೀವು ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ, ಅವನಿರುವ ದಿಕ್ಕನ್ನು ಕೈಯಲ್ಲಿ ತೋರಿಸಿ. ಹತ್ತಕ್ಕೆ ಏಳು ಸರಿ ಇದ್ದರೆ ಸಾಕು.

ಬೆನ್ನ ಹಿಂದೆ ಮೂರು ಹೆಜ್ಜೆ

ಇದು ಅಂಗಡಿ ನಡೆಸುವವನಿಗೆ ತಾನಾಗಿ ಬಂದ ಅಭ್ಯಾಸ. ಆಡುವವನ ಬೆನ್ನ ಹಿಂದೆ ಮೂರು ಹೆಜ್ಜೆ ದೂರ ನಿಂತು ನೋಡುತ್ತೇನೆ. ಯಾರು ನಮ್ಮವರು, ಯಾರು ಎದುರಿನವರು, ಈಗ ಏನು ನಡೆಯುತ್ತಿದೆ? ಇಷ್ಟು ನನಗೆ ತಿಳಿಯಬೇಕು. 2007ರ ಟೀಮ್ ಫೋರ್ಟ್ರೆಸ್ 2 ಇದರಲ್ಲಿ ಇವತ್ತಿಗೂ ಮೇಷ್ಟ್ರು. ಒಂಬತ್ತು ಬಗೆಯ ಆಟಗಾರರು, ಒಬ್ಬೊಬ್ಬರ ಮೈಕಟ್ಟು, ನಡಿಗೆ ಬೇರೆ. ನೆರಳು ನೋಡಿದರೂ ದಪ್ಪ ಮೈಯ ಹೆವಿ, ತೆಳ್ಳಗಿನ ಸ್ಕೌಟ್ ಯಾರು ಅಂತ ಗೊತ್ತಾಗುತ್ತದೆ. ಕೆಲವು ಹೊಸ ಆಟಗಳಲ್ಲಿ ಹೊಗೆ, ಮಿಂಚು, ಬಣ್ಣ ಎಷ್ಟೆಂದರೆ ಆಡುವವನಿಗೇ ತಾನು ಹೇಗೆ ಸತ್ತೆ ಅಂತ ಗೊತ್ತಾಗಲ್ಲ. ಅಂಥ ಕಡೆ ಇಪ್ಪತ್ತು ಸಾವಿನ ಲೆಕ್ಕ ಬರೆಯಲೂ ಆಗಲ್ಲ.

ನಮ್ಮಲ್ಲಿ ಬರುವ ಒಬ್ಬ ಹುಡುಗನಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣಲ್ಲ. ಬಹಳ ದಿನ ಅವನು ಯಾರಿಗೂ ಹೇಳಿರಲಿಲ್ಲ. ವ್ಯಾಲರೆಂಟ್‌ನಲ್ಲಿ ಎದುರಾಳಿಯ ಸುತ್ತ ಕೆಂಪು ಗೆರೆ ಇರುತ್ತದೆ. ಸೆಟ್ಟಿಂಗ್‌ನಲ್ಲಿ ಅದನ್ನು ಹಳದಿ ಮಾಡಬಹುದು. ಮಾಡಿಕೊಟ್ಟ ದಿನ ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದು ನನಗೆ ಈಗಲೂ ಕಣ್ಣ ಮುಂದಿದೆ. ಆ ಸೆಟ್ಟಿಂಗ್ ಇದೆಯಾ ಅಂತ ಎಲ್ಲ ಆಟದಲ್ಲೂ ಹುಡುಕುತ್ತೇನೆ. ಚಿಕ್ಕ ಮಕ್ಕಳು ಬರುವ ಕಡೆಯಾದರೆ ರಕ್ತ ಕಾಣದ ಹಾಗೆ ಮಾಡುವ ಸೆಟ್ಟಿಂಗ್ ಕೂಡ ನೋಡಿ. ವ್ಯಾಲರೆಂಟ್‌ನಲ್ಲಿ ಅದೂ ಇದೆ.

ಏಮ್ ಇಲ್ಲದವನು ಏನು ಮಾಡುತ್ತಾನೆ?

ನನಗೆ ಎಲ್ಲಕ್ಕಿಂತ ಮುಖ್ಯ ಇದೇ. ಐದು ಜನ ಬಂದರೆ ಅದರಲ್ಲಿ ಒಬ್ಬನಿಗೆ ಏಮ್, ಅಂದರೆ ಗುರಿ ಇಟ್ಟು ಹೊಡೆಯುವ ಕೈಚಳಕ, ಇರುವುದಿಲ್ಲ. ಇದು ಇಪ್ಪತ್ತು ವರ್ಷದಿಂದ ನೋಡಿದ್ದು. ಅವನು ಗೆಳೆತನಕ್ಕೆ ಬಂದಿರುತ್ತಾನೆ. ಆಟ ಅವನನ್ನು ಹೇಗೆ ನೋಡಿಕೊಳ್ಳುತ್ತದೆ? ಅವನಿಗೆ ಅಲ್ಲಿ ನಿಜವಾದ ಕೆಲಸ ಇದೆಯಾ? ಅವನು ಇಲ್ಲದಿದ್ದರೆ ಸೋಲುತ್ತಿದ್ದೆವು ಅಂತ ಉಳಿದ ನಾಲ್ವರಿಗೆ ಅನಿಸುತ್ತದೆಯಾ?

ಕಬಡ್ಡಿ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ರೇಡ್ ಹೋದವನಿಗೆ ಚಪ್ಪಾಳೆ ಬೀಳುತ್ತದೆ. ಆದರೆ ಮೂಲೆಯಲ್ಲಿ ನಿಂತು ಪಾದ ಹಿಡಿಯುವವನು, ಅವನ ಕೈ ಹಿಡಿದು ಚೈನ್ ಆಗಿ ನಿಲ್ಲುವವನು ಇಲ್ಲದೆ ಮ್ಯಾಚ್ ಗೆಲ್ಲಲು ಆಗಲ್ಲ. ಟೀಮ್ ಶೂಟರ್ ಅಂತ ಹೆಸರಿಟ್ಟುಕೊಂಡ ಆಟದಲ್ಲಿ ಇಂಥ ಜಾಗಗಳು ಇರಬೇಕು. ಇಲ್ಲವಾದರೆ ಐದು ಜನ ಒಂದೇ ಬಣ್ಣದ ಅಂಗಿ ಹಾಕಿ ಬೇರೆ ಬೇರೆ ಓಡಿದ ಹಾಗೆ.

ಪರೀಕ್ಷೆ ಹೀಗೆ ಮಾಡಿ. ನಿಮ್ಮ ಗುಂಪಿನಲ್ಲಿ ಏಮ್ ಕಡಿಮೆ ಇರುವವರನ್ನು ಆರಿಸಿಕೊಳ್ಳಿ. ಅವರು ಮೂರು ಮ್ಯಾಚ್ ಆಡಲಿ. ನೀವು ಹಿಂದೆ ಕೂತು ಅವರ ಕಿಲ್ (ಎಷ್ಟು ಜನರನ್ನು ಕೊಂದರು) ಬಿಟ್ಟು ಉಳಿದದ್ದನ್ನು ಬರೆಯಿರಿ. ಎಷ್ಟು ರೌಂಡ್ ಅವರ ಕೆಲಸದಿಂದ ತಿರುಗಿತು? ವ್ಯಾಲರೆಂಟ್‌ನಲ್ಲಿ ಸೇಜ್ ಅನ್ನುವ ಏಜೆಂಟ್ (ಪಾತ್ರ) ಹಿಡಿದವರು ಗಾಯ ಆದವರನ್ನು ಗುಣ ಮಾಡುತ್ತಾರೆ, ದಾರಿಗೆ ಗೋಡೆ ಕಟ್ಟುತ್ತಾರೆ, ಸತ್ತ ಗೆಳೆಯನನ್ನು ಎಬ್ಬಿಸುತ್ತಾರೆ. ಬ್ರಿಮ್‌ಸ್ಟೋನ್ ಮೇಲಿನಿಂದ ಹೊಗೆ ಇಳಿಸಿ ಎದುರಾಳಿಯ ಕಣ್ಣು ಕಟ್ಟುತ್ತಾನೆ. ಸೋವಾ ಬಾಣ ಬಿಟ್ಟು ಯಾರು ಎಲ್ಲಿದ್ದಾರೆ ಅಂತ ಎಲ್ಲರಿಗೂ ತೋರಿಸುತ್ತಾನೆ. ಈ ಮೂವರೂ ಹೊಸಬರಿಗೆ ಮೊದಲ ದಿನವೇ ಸಿಗುವ ಏಜೆಂಟ್‌ಗಳು. ಟೀಮ್ ಫೋರ್ಟ್ರೆಸ್ 2ರಲ್ಲಿ ಮೆಡಿಕ್ ತನ್ನ ಮೀಟರ್ ತುಂಬಿಸಿಕೊಂಡರೆ, ಗೆಳೆಯನಿಗೂ ತನಗೂ 8 ಸೆಕೆಂಡ್ ಏನೂ ತಾಗದ ಹಾಗೆ ಮಾಡಬಲ್ಲ. ಅವನು ಬಂದೂಕು ಎತ್ತದೇ ಮ್ಯಾಚ್ ತಿರುಗಿಸಬಹುದು.

ಕೌಂಟರ್-ಸ್ಟ್ರೈಕ್ 2ರಲ್ಲಿ ಇಂಥ ಶಕ್ತಿಗಳಿಲ್ಲ. ಹತ್ತೂ ಜನ ಒಂದೇ ಥರ. ಆದರೂ ಅದು ಈ ಪರೀಕ್ಷೆಯಲ್ಲಿ ಪಾಸ್. ಸ್ಮೋಕ್ (ಹೊಗೆ ಬಾಂಬ್), ಫ್ಲ್ಯಾಶ್ (ಕಣ್ಣು ಕುಕ್ಕುವ ಬಾಂಬ್) ಎಲ್ಲಿಂದ ಎಸೆದರೆ ಎಲ್ಲಿ ಬೀಳುತ್ತದೆ ಅಂತ ಕಲಿತವನಿಗೆ ಅಲ್ಲಿ ದೊಡ್ಡ ಮರ್ಯಾದೆ. ನಮ್ಮ ಪಕ್ಕದ ಬೇಕರಿಯ ಹುಡುಗನೊಬ್ಬ ಕಿಲ್‌ನಲ್ಲಿ ಯಾವಾಗಲೂ ಕೊನೆ. ಅವನು ಮಿರಾಜ್ ಮ್ಯಾಪ್‌ನ ಎ ಸೈಟ್‌ಗೆ (ಬಾಂಬ್ ಇಡುವ ಜಾಗ) ಹಾಕುವ ಮೂರು ಸ್ಮೋಕ್ ಮಾತ್ರ ಒಂದು ವಾರ ಕೂತು ಕಲಿತ. ಇವತ್ತು ಅವನು ಬರುವವರೆಗೆ ಉಳಿದ ನಾಲ್ವರು ಮ್ಯಾಚ್ ಶುರು ಮಾಡಲ್ಲ.

ಉಲ್ಟಾ ಅಪಾಯವೂ ಇದೆ. ಒಬ್ಬನ ಮೇಲೇ ಎಲ್ಲ ಭಾರ ಹೇರುವ ಆಟ. ಓವರ್‌ವಾಚ್ 2016ರಲ್ಲಿ ಆರು ಜನರ ಎದುರು ಆರು ಜನ ಅಂತ ಬಂತು. 2022ರ ಅಕ್ಟೋಬರ್‌ನಲ್ಲಿ ಓವರ್‌ವಾಚ್ 2 ಆದಾಗ ಐದಕ್ಕೆ ಇಳಿಸಿ, ಟೀಮ್‌ಗೆ ಒಬ್ಬನೇ ಟ್ಯಾಂಕ್ ಅಂತ ಮಾಡಿದರು. ಮುಂದೆ ನಿಂತು ಏಟು ತಿನ್ನುವ ಆ ಒಬ್ಬ ಎಡವಿದರೆ ಎಲ್ಲರ ಬೈಗುಳ ಅವನಿಗೇ. ಮೆಲ್ಲಗೆ ಕಲಿಯುವವನನ್ನು ಅಂಥ ಜಾಗದಲ್ಲಿ ಕೂರಿಸಬಾರದು. ಹಾಗಾಗಿ ಕೆಲಸ ಇದೆಯಾ ಅನ್ನುವುದರ ಜೊತೆಗೆ, ತಪ್ಪು ಮಾಡಿ ಕಲಿಯಲು ಅಲ್ಲಿ ಜಾಗ ಇದೆಯಾ ಅಂತಲೂ ನೋಡಿ.

ಐದು ಜನರ ಹಣ, ಐದು ಜನರ ಮಾತು

ಒಳ್ಳೆ ಟೀಮ್ ಆಟ ಗುಂಡು ಹಾರುವ ಮೊದಲೇ ಮಾತಾಡಿಸುತ್ತದೆ. ವ್ಯಾಲರೆಂಟ್‌ನಲ್ಲಿ ಮೊದಲ ರೌಂಡ್‌ಗೆ ಪ್ರತಿಯೊಬ್ಬರಿಗೂ 800 ಕ್ರೆಡಿಟ್. ಅದನ್ನು ಖರ್ಚು ಮಾಡಿ ಸೋತರೆ 1900 ಸಿಗುತ್ತದೆ. ವ್ಯಾಂಡಲ್ 2900, ದೊಡ್ಡ ಶೀಲ್ಡ್ 1000. ಅಂದರೆ ಎರಡನೇ ರೌಂಡ್‌ನಲ್ಲಿ ಇವನ್ನು ಕೊಳ್ಳಲು ಆಗುವುದಿಲ್ಲ. ಸುಮ್ನೆ ಉಳಿಸಿ ಎರಡನೆಯದನ್ನೂ ಸೋತರೆ 2400 ಸೇರಿ 4300 ಆಗುತ್ತದೆ. ಮೂರನೆಯದಕ್ಕೆ ಐದೂ ಜನ ಪೂರ್ತಿ ಸಾಮಾನು ಹಾಕಿಕೊಂಡು ಬರಬಹುದು. ಮಧ್ಯದಲ್ಲಿ ಒಬ್ಬ ಆಸೆ ಬಿದ್ದು ಖರ್ಚು ಮಾಡಿದರೆ ಮೂರನೇ ರೌಂಡ್‌ನಲ್ಲಿ ಅವನ ಕೈ ಖಾಲಿ. ಆಗ ಕಿಲ್ ಜಾಸ್ತಿ ಮಾಡಿ ಹಣ ಉಳಿದವನು ಅವನಿಗೆ ಗನ್ ಕೊಡಿಸಬಹುದು. ಇಲ್ಲಿ ಹುಡುಗರು ಮನೆ ಖರ್ಚಿನ ಹಾಗೆ ಲೆಕ್ಕ ಮಾಡುತ್ತಾರೆ. "ಈ ಸಲ ಬೇಡ, ಮುಂದಿನ ಸಲ ನಿನಗೆ ನಾನು ಕೊಡಿಸ್ತೀನಿ." ಈ ಮಾತು ಕೇಳಿದರೆ ಆಟ ಕೆಲಸ ಮಾಡುತ್ತಿದೆ ಅಂತ ಅರ್ಥ.

ಇನ್ನು ವಾಯ್ಸ್. ಒಂದು ಪೂರ್ತಿ ಮ್ಯಾಚ್ ವಾಯ್ಸ್ ಆಫ್ ಮಾಡಿ ಆಡಿ ನೋಡಿ. ಇದನ್ನು ಬಿಡಬೇಡಿ. ನಮ್ಮಲ್ಲಿ ಭಾನುವಾರ ಇಬ್ಬರು ಅಕ್ಕ ತಂಗಿ ಬರುತ್ತಾರೆ. ಮೈಕ್ ಆನ್ ಮಾಡಿದ ಕೂಡಲೇ ಗುರುತಿಲ್ಲದವರಿಂದ ಕೇಳಬಾರದ ಮಾತು ಕೇಳಿದರು. ಮೊದಲ ವಾರವೇ ಬಿಟ್ಟು ಹೋಗುವವರಿದ್ದರು. ವಾಯ್ಸ್ ಆಫ್ ಮಾಡಿ, ಮ್ಯಾಪ್ ಮೇಲೆ ಗುರುತು ಹಾಕುವ ಪಿಂಗ್‌ನಲ್ಲೇ (ಇದು ಲೈನ್‌ನ ಪಿಂಗ್ ಅಲ್ಲ) ಆಡಿ ಅಂದೆ. ಈಗ ಅವರು ಅಂಗಡಿಯ ಒಳ್ಳೆ ಆಟಗಾರರಲ್ಲಿ ಇಬ್ಬರು. ಒಂದು ಕ್ಲಿಕ್‌ನಲ್ಲಿ ಗುರುತು ಹಾಕಲು ಆಗುತ್ತದೆಯಾ? ಬೈದವನನ್ನು ಮ್ಯೂಟ್ ಮಾಡಲು ಎಷ್ಟು ಕ್ಲಿಕ್ ಬೇಕು? ಎಣಿಸಿ ಬರೆಯಿರಿ. ಜೀವ ಹಿಡಿದು ಆಡುವಾಗ ನಾಲ್ಕು ಮೆನು ಹುಡುಕಲು ಯಾರಿಗೂ ಸಮಯ ಇರಲ್ಲ.

ನಮ್ಮವರೇ ಐದು ಜನ ಆಡುವಾಗ ಕಥೆಯೇ ಬೇರೆ. ಆಗ ಕನ್ನಡದಲ್ಲಿ ಕೂಗುತ್ತಾರೆ: "ಎಡಕ್ಕೆ ಇಬ್ರು, ಒಬ್ಬನಿಗೆ ಏಟು ಬಿದ್ದಿದೆ." ಇದಕ್ಕೆ ಜಾಗಗಳ ಹೆಸರು ಎಲ್ಲರಿಗೂ ಒಂದೇ ಇರಬೇಕು. ವ್ಯಾಲರೆಂಟ್‌ನಲ್ಲಿ ನೀವು ನಿಂತಿರುವ ಜಾಗದ ಹೆಸರು ಮಿನಿಮ್ಯಾಪ್ ಹತ್ತಿರ ಬರುತ್ತದೆ. ಹೊಸಬನೂ ಅದನ್ನು ಓದಿ ಹೇಳಬಹುದು. ಚಿಕ್ಕ ವಿಷಯ, ಆದರೆ ಕಲಿಯುವ ಸಮಯ ಅರ್ಧ ಆಗುತ್ತದೆ.

ಎಷ್ಟು ಜನ ಒಟ್ಟಿಗೆ ಸೇರಬಹುದು ಅಂತ ಮೊದಲೇ ನೋಡಿಕೊಳ್ಳಿ. ವ್ಯಾಲರೆಂಟ್‌ನ ರ‍್ಯಾಂಕ್ ಮ್ಯಾಚ್‌ಗೆ ನಾಲ್ಕು ಜನರ ಗುಂಪು ಹೋಗಲು ಬರಲ್ಲ. ಮೂರರವರೆಗೆ ಇರಬೇಕು ಅಥವಾ ಐದು. ಐದನೆಯ ಅಪರಿಚಿತ ಒಬ್ಬಂಟಿ ಆಗಬಾರದು ಅನ್ನುವುದು ನ್ಯಾಯವೇ. ಆದರೆ ನಾಲ್ಕು ಜನ ಬಂದ ಸಂಜೆ ಒಬ್ಬ ಹೊರಗೆ ಕೂರಬೇಕಾಗುತ್ತದೆ. ನಿಮ್ಮ ಗುಂಪು ಯಾವಾಗಲೂ ನಾಲ್ಕೇ ಆದರೆ ಇದೊಂದೇ ಕಾರಣಕ್ಕೆ ಬೇರೆ ಆಟ ನೋಡಬೇಕಾಗಬಹುದು.

ಹಣ, ಮೋಸ, ಮಷಿನ್

ಹಣದ ವಿಷಯದಲ್ಲಿ ನನ್ನ ಪ್ರಶ್ನೆ ಒಂದೇ: ದುಡ್ಡು ಕೊಟ್ಟವನ ಗುಂಡಿಗೆ ಬಲ ಜಾಸ್ತಿಯಾ? ಹೌದಾದರೆ ಆ ಆಟ ಅಲ್ಲಿಗೇ ಮುಗಿಯಿತು. ವ್ಯಾಲರೆಂಟ್‌ನಲ್ಲಿ ಗನ್‌ಗೆ ಬಣ್ಣ, ಸದ್ದು ಕೊಳ್ಳಬಹುದು, ಏಟು ಅಷ್ಟೇ ಇರುತ್ತದೆ. ಕೌಂಟರ್-ಸ್ಟ್ರೈಕ್‌ನ ಸ್ಕಿನ್ ಕೂಡ ಹಾಗೇ. ಆದರೆ ಅಲ್ಲಿ ಕೀಲಿ ಕೊಂಡು ಪೆಟ್ಟಿಗೆ ತೆರೆಯುವ ವ್ಯವಸ್ಥೆ ಇದೆ, ಒಳಗೆ ಏನಿದೆ ಅಂತ ಮೊದಲು ಗೊತ್ತಾಗಲ್ಲ. ಹದಿನೆಂಟು ತುಂಬದವರಿಗೆ ನಾನು ಅದನ್ನು ಅಂಗಡಿಯಲ್ಲಿ ಮಾಡಲು ಬಿಡಲ್ಲ. ದುಡ್ಡು ಕೊಟ್ಟೇ ಕೊಳ್ಳಬೇಕಾದ ಆಟ ಆದರೆ ಸ್ಟೀಮ್‌ನಲ್ಲಿ ಒಂದು ಅನುಕೂಲ ಇದೆ. ಕೊಂಡು 14 ದಿನದ ಒಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಲೈನ್, ಗನ್, ಹೆಜ್ಜೆ ಸದ್ದು ಈ ಮೂರನ್ನು ಆ ಎರಡು ಗಂಟೆಯಲ್ಲೇ ಮುಗಿಸಿ.

ಮೋಸ ತಡೆಯಲು ವ್ಯಾಲರೆಂಟ್‌ನಲ್ಲಿ ವ್ಯಾನ್‌ಗಾರ್ಡ್ ಅನ್ನುವ ಸಾಫ್ಟ್‌ವೇರ್ ಇದೆ. ವಿಂಡೋಸ್‌ನ ಒಳಪದರದಲ್ಲಿ ಕೆಲಸ ಮಾಡುತ್ತದೆ. ಕಂಪ್ಯೂಟರ್ ಆನ್ ಆದಾಗಿನಿಂದಲೇ ಓಡುತ್ತಿರಬೇಕು. ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನುವ ಕಂಪ್ಯೂಟರ್‌ನ ಭದ್ರತಾ ವ್ಯವಸ್ಥೆ ಎರಡೂ ಆನ್ ಇರಬೇಕು ಅನ್ನುತ್ತದೆ. ಇಷ್ಟು ಅಧಿಕಾರ ಒಂದು ಆಟಕ್ಕೆ ಕೊಡಬೇಕಾ ಅನ್ನುವುದು ನಿಮ್ಮ ತೀರ್ಮಾನ. ಬ್ಯಾಂಕಿನ ಕೆಲಸ ಮಾಡುವ ಕಂಪ್ಯೂಟರ್‌ಗೆ ನಾನು ಹಾಕಲ್ಲ, ಬಿಲ್ಲಿಂಗ್ ಮಷಿನ್ ಬೇರೆಯೇ ಇಟ್ಟಿದ್ದೇನೆ. ಆಡುವ ಹತ್ತಕ್ಕೆ ಹಾಕಿದ್ದೇನೆ. ಮೋಸಗಾರ ಒಬ್ಬ ಇದ್ದರೂ ಉಳಿದ ಒಂಬತ್ತು ಜನರ ಸಂಜೆ ಹಾಳು. ಅಂಗಡಿಯವರಿಗೆ ಒಂದು ಮಾತು: ಮೋಸ ಮಾಡಿ ಸಿಕ್ಕಿಬಿದ್ದರೆ ಅಕೌಂಟ್ ಅಲ್ಲದೆ ಆ ಕಂಪ್ಯೂಟರನ್ನೇ ಬ್ಯಾನ್ ಮಾಡುವುದುಂಟು. ಹಾಗಾಗಿ ನಮ್ಮಲ್ಲಿ ಯಾರೂ ಪೆನ್‌ಡ್ರೈವ್ ಚುಚ್ಚುವಂತಿಲ್ಲ.

ಮಷಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಮ್ಮ ಹತ್ತಿರ ಇರುವ ಅತಿ ಹಳೆಯ ಕಂಪ್ಯೂಟರ್‌ನಲ್ಲಿ ಹಾಕಿ, ಐದು ಜನ ಒಟ್ಟಿಗೆ ಸ್ಮೋಕ್ ಹಾಕಿದಾಗ ಫ್ರೇಮ್ (ಪರದೆಯಲ್ಲಿ ಸೆಕೆಂಡಿಗೆ ಬರುವ ಚಿತ್ರಗಳು) ಎಷ್ಟಕ್ಕೆ ಇಳಿಯುತ್ತದೆ ನೋಡಿ. ಸರಾಸರಿ ಅಂಕಿ ಬೇಡ, ಇಳಿದ ಅಂಕಿ ಬರೆಯಿರಿ.

ಹದಿನಾಲ್ಕನೇ ದಿನ ನೋಟ್‌ಬುಕ್ ಮುಚ್ಚಿ ನಾನು ಏನೂ ಹೇಳುವುದಿಲ್ಲ. ಹದಿನೈದನೇ ಸಂಜೆ ಹಳೆಯ ಆಟ, ಹೊಸ ಆಟ ಎರಡನ್ನೂ ತೆರೆದಿಟ್ಟು, ಏಮ್ ಕಡಿಮೆ ಇರುವ ಹುಡುಗನನ್ನೇ ಕೇಳುತ್ತೇನೆ, "ಇವತ್ತು ಯಾವುದು?" ಉಳಿದ ನಾಲ್ವರು ಅವನು ಹೇಳಿದ್ದಕ್ಕೆ ಹೂಂ ಅಂದರೆ, ಅವತ್ತು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹತ್ತೂ ಮಷಿನ್‌ಗೆ ಡೌನ್‌ಲೋಡ್ ಹಚ್ಚಿ ಮನೆಗೆ ಹೋಗುತ್ತೇನೆ. ದೊಡ್ಡ ಅಪ್‌ಡೇಟ್ ಬಂದಾಗ ಎಲ್ಲ ಪರೀಕ್ಷೆ ಮತ್ತೆ ಮಾಡುವ ಅಗತ್ಯ ಇಲ್ಲ. ಇಪ್ಪತ್ತು ಸಾವು ಬರೆಯಿರಿ, ವಾಯ್ಸ್ ಇಲ್ಲದೆ ಒಂದು ಮ್ಯಾಚ್ ಆಡಿ, ಆ ಹುಡುಗನ ಹಿಂದೆ ಮೂರು ಮ್ಯಾಚ್ ಕೂತು ನೋಡಿ.